ಚುಕ್ಕಿ ನೋಡಾಕ ಪಗಾರ ಯಾರು ಕೊಡ್ತಾರ?

ಪ್ರಶ್ನೆ: ಮೇಡಂ, ನಾನು ಸಿಂಧನೂರು ತಾಲ್ಲೂಕಿನವಳು. ಬಿ.ಎಸ್ಸಿ ಎರಡನೇ ವರ್ಷ, ಫಿಸಿಕ್ಸ್ ಮತ್ತು ಮ್ಯಾಥ್ಸ್. ಖಗೋಳ ವಿಜ್ಞಾನ ಓದ್ತೀನಿ ಅಂತ ಮನೆಯಲ್ಲಿ ಹೇಳಿದ್ದಕ್ಕೆ ಅಪ್ಪ, ‘ರಾತ್ರಿಯೆಲ್ಲ ಚುಕ್ಕಿ ನೋಡಾಕ ಯಾರು ಪಗಾರ ಕೊಡ್ತಾರ’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ನೀವು ದಿನಾ ಕೂತು ಮಾಡುವ ಕೆಲಸ ನಿಜವಾಗಿ ಏನು? ಟೆಲಿಸ್ಕೋಪ್ ಇಲ್ಲದ ಊರಲ್ಲಿ, ಹಳೇ ಲ್ಯಾಪ್‌ಟಾಪ್ ಇಟ್ಟುಕೊಂಡು ಇದನ್ನು ಕಲಿಯೋಕೆ ಆಗುತ್ತಾ?

ಉತ್ತರ: ಮೊದಲು ಅಪ್ಪಾರ ಪ್ರಶ್ನೆ. ಸಿರುಗುಪ್ಪದಲ್ಲಿ ನಮ್ಮ ಅಪ್ಪನೂ ಇದನ್ನೇ ಕೇಳಿದ್ದರು, ಆಗ ನನಗೂ ಉತ್ತರ ಗೊತ್ತಿರಲಿಲ್ಲ. ಎಂ.ಎಸ್ಸಿ ಮುಗಿಸಿ, ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಫೆಲೋಶಿಪ್ ದರ್ಜೆ) ಪಡೆದು ಅಥವಾ ಜೆಸ್ಟ್‌ನಂಥ ಪ್ರವೇಶ ಪರೀಕ್ಷೆ ಪಾಸಾಗಿ ಪಿಎಚ್.ಡಿಗೆ ಸೇರಿದರೆ ಫೆಲೋಶಿಪ್ ಸಿಗುತ್ತದೆ. 2023ರ ಜನವರಿಯಿಂದ ಜಾರಿಗೆ ಬಂದ ದರದ ಪ್ರಕಾರ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಮನೆ ಬಾಡಿಗೆ ಭತ್ಯೆ ಬೇರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ರಾಮನ್ ಸಂಶೋಧನಾ ಸಂಸ್ಥೆ, ಪುಣೆಯ ಅಯುಕಾ, ನೈನಿತಾಲದ ಏರೀಸ್, ಇವೆಲ್ಲ ಹೀಗೆ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವ ಜಾಗಗಳು. ಪಿಎಚ್.ಡಿ ಆದ ಮೇಲೆ ಕಾಯಂ ಕೆಲಸ ಸಿಗುವುದು ಮಾತ್ರ ಕಷ್ಟ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ನನ್ನ ಜೊತೆಗಿದ್ದ ಆರು ಮಂದಿಯಲ್ಲಿ ಖಗೋಳದಲ್ಲೇ ಉಳಿದವರು ಇಬ್ಬರು. ಉಳಿದವರೂ ಉಪವಾಸವೇನಿಲ್ಲ. ಒಬ್ಬಳು ಬ್ಯಾಂಕಿನ ಡೇಟಾ ನೋಡುತ್ತಾಳೆ, ನನಗಿಂತ ಮೂರು ಪಟ್ಟು ಸಂಬಳ. ಹೇಗೆ ಸಾಧ್ಯವಾಯಿತು ಅಂತ ಕೇಳಿದರೆ, ‘ಅಲ್ಲಿ ಮಾಡ್ತಿದ್ದದ್ದನ್ನೇ ಇಲ್ಲೂ ಮಾಡ್ತೀನಿ, ನಕ್ಷತ್ರದ ಬದಲು ಸಾಲ’ ಅನ್ನುತ್ತಾಳೆ.

ಇನ್ನು ‘ರಾತ್ರಿಯೆಲ್ಲ’ ಅನ್ನುವ ಮಾತು. ಕಳೆದ ವರ್ಷ ನಾನು ದೊಡ್ಡ ಟೆಲಿಸ್ಕೋಪಿನ ಹತ್ತಿರ ಕಳೆದದ್ದು ಮೂರು ರಾತ್ರಿ. ಅದರಲ್ಲಿ ಎರಡು ರಾತ್ರಿ ಮೋಡ. ಕ್ಯಾಂಟೀನಿನಲ್ಲಿ ಚಹಾ ಕುಡಿಯುತ್ತ ಬೆಳಗು ಮಾಡಿದೆ. ಟೆಲಿಸ್ಕೋಪಿನ ಸಮಯ ಸುಮ್ಮನೆ ಸಿಗುವುದೂ ಇಲ್ಲ. ಯಾವ ನಕ್ಷತ್ರ, ಯಾಕೆ, ಎಷ್ಟು ಗಂಟೆ, ಅದರಿಂದ ಏನು ತಿಳಿಯುತ್ತದೆ ಅಂತ ತಿಂಗಳುಗಟ್ಟಲೆ ಮೊದಲೇ ಅರ್ಜಿ ಬರೆಯಬೇಕು, ಒಂದು ಸಮಿತಿ ಕೂತು ರಾತ್ರಿಗಳನ್ನು ಹಂಚುತ್ತದೆ. ಅರ್ಜಿ ಒಪ್ಪಿದರೂ ಅಲ್ಲಿಗೇ ಹೋಗಬೇಕೆಂದಿಲ್ಲ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ನಿಂತಿರುವ 2 ಮೀಟರಿನ ಟೆಲಿಸ್ಕೋಪನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ, ಉಪಗ್ರಹ ಸಂಪರ್ಕದ ಮೂಲಕ. ಅಲ್ಲಿ ಕೂತವರ ಕಣ್ಣಿಗೆ ಬೀಳುವುದು ಬರೀ ಪರದೆಗಳು.

ವರ್ಷದ ಮಿಕ್ಕ ದಿನಗಳು ಹೀಗಿರುತ್ತವೆ. ಕಾಲೇಜಿಗೆ ಹೋಗುವ ಮುಂಚೆ, ಬಳ್ಳಾರಿಯಲ್ಲಿ ಬಿಸಿಲು ಏರುವ ಮುಂಚೆ, ಎರಡು ಗಂಟೆ ಸಿಗುತ್ತದೆ. ಅರ್ಕೈವ್ ಅನ್ನುವ ತಾಣದಲ್ಲಿ ಜಗತ್ತಿನ ಖಗೋಳ ಪ್ರಬಂಧಗಳು ಅಚ್ಚಾಗುವ ಮೊದಲೇ ಬಂದು ಬೀಳುತ್ತವೆ, ನಮ್ಮ ಗಡಿಯಾರದಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಐದೂವರೆಗೋ ಆರೂವರೆಗೋ. ತಲೆಬರಹ ಓದಿ, ನನ್ನ ವಿಷಯದ ಒಂದೆರಡನ್ನು ತೆರೆದು ನೋಡುತ್ತೇನೆ. ನಾನು ಮಾಡಬೇಕು ಅಂದುಕೊಂಡದ್ದನ್ನು ಯಾರಾದರೂ ಮಾಡಿಬಿಟ್ಟಿದ್ದಾರೋ ಅನ್ನುವ ಹೆದರಿಕೆಯೂ ಅದರಲ್ಲಿದೆ. ಆಮೇಲೆ ರಾತ್ರಿ ಓಡಲು ಬಿಟ್ಟ ಕೋಡ್ ಮುಗಿದಿದೆಯೋ, ಮಧ್ಯೆ ಕರೆಂಟ್ ಹೋಗಿ ನಿಂತಿದೆಯೋ ನೋಡುವುದು. ಸಾಮಾನ್ಯವಾಗಿ ನಿಂತಿರುತ್ತದೆ. ಅದಕ್ಕೇ ಪ್ರತಿ ನೂರು ನಕ್ಷತ್ರಕ್ಕೊಮ್ಮೆ ಫಲಿತಾಂಶ ಉಳಿಸುವಂತೆ ಬರೆದುಕೊಂಡಿದ್ದೇನೆ. ಇದನ್ನು ಯಾವ ಪಠ್ಯಪುಸ್ತಕವೂ ಹೇಳಿಕೊಡಲಿಲ್ಲ, ನಮ್ಮ ಓಣಿಯ ಟ್ರಾನ್ಸ್‌ಫಾರ್ಮರ್ ಹೇಳಿಕೊಟ್ಟಿತು.

ನನ್ನ ವಿಷಯ ಜೋಡಿ ನಕ್ಷತ್ರಗಳು. ಒಂದು ಇನ್ನೊಂದರ ಮುಂದೆ ಹಾದು ಬೆಳಕನ್ನು ಮರೆ ಮಾಡುತ್ತದೆ, ನಮಗೆ ಆ ಚುಕ್ಕಿ ಸ್ವಲ್ಪ ಹೊತ್ತು ಮಸುಕಾಗಿ ಕಾಣುತ್ತದೆ. ಅದೇ ಗ್ರಹಣ. ಅದು ಯಾವ ಹೊತ್ತಿಗೆ ಆಯಿತು ಅನ್ನುವುದನ್ನು ನಿಮಿಷದ ಲೆಕ್ಕದಲ್ಲಿ ಹಿಡಿದು, ವರ್ಷಗಟ್ಟಲೆ ಹಿಂಬಾಲಿಸಿದರೆ ಆ ಜೋಡಿ ಹತ್ತಿರವಾಗುತ್ತಿದೆಯೋ, ಕಣ್ಣಿಗೆ ಕಾಣದ ಮೂರನೆಯದೊಂದು ಅದನ್ನು ಎಳೆದಾಡುತ್ತಿದೆಯೋ ಹೇಳಬಹುದು. ಇದಕ್ಕೆ ಬೇಕಾದ ಡೇಟಾದ ದೊಡ್ಡ ಪಾಲು ಪುಕ್ಕಟೆ ಸಿಗುತ್ತದೆ. 2018ರಲ್ಲಿ ನಾಸಾ ಹಾರಿಸಿದ ಟೆಸ್ ಉಪಗ್ರಹ ಆಕಾಶದ ಒಂದೊಂದು ಪಟ್ಟಿಯನ್ನು ಸುಮಾರು 27 ದಿನ ಎವೆಯಿಕ್ಕದೆ ನೋಡುತ್ತದೆ. ಅದರ ಡೇಟಾ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಹೆಸರು ನೋಂದಾಯಿಸುವುದೂ ಬೇಡ. ಆಯ್ದ ನಕ್ಷತ್ರಗಳಿಗೆ 2 ನಿಮಿಷಕ್ಕೊಂದು ಅಳತೆ ಇದೆ. 27 ದಿನಕ್ಕೆ 19,000ಕ್ಕೂ ಹೆಚ್ಚು ಅಂಕಿಗಳಾದವು, ಆದರೂ ಫೈಲಿನ ಗಾತ್ರ ಒಂದೆರಡು ಎಂಬಿ. ನಿಮ್ಮ ಮೊಬೈಲಿನಲ್ಲಿರುವ ಒಂದು ಫೋಟೊದಷ್ಟು.

ಈಗ ಆ ಫೈಲಿನ ಒಳಗೆ ಹೋಗೋಣ, ನನ್ನ ದಿನದ ಬಹುಪಾಲು ಕಳೆಯುವುದು ಅಲ್ಲೇ. ಖಗೋಳದವರ ಚಿತ್ರಗಳು ಇರುವುದು ಫಿಟ್ಸ್ ಅನ್ನುವ ರೂಪದಲ್ಲಿ. 1981ರಿಂದ ಇದೇ ನಡೆದುಕೊಂಡು ಬಂದಿದೆ. ಮೊದಲಿಗೆ ಒಂದು ತಲೆಪಟ್ಟಿ, ಅದರ ಒಂದೊಂದು ಸಾಲೂ ಸರಿಯಾಗಿ 80 ಅಕ್ಷರ. ಹಿಂದಿನ ಕಾಲದ ತೂತು ಕಾರ್ಡಿನಲ್ಲಿ 80 ಕಾಲಂ ಇರುತ್ತಿದ್ದವು, ಆ ಕಾರ್ಡು ಹೋಯಿತು, ಅಳತೆ ಉಳಿಯಿತು. ಯಾವ ಕ್ಯಾಮೆರಾ, ಎಷ್ಟು ಸೆಕೆಂಡ್ ತೆರೆದಿತ್ತು, ಎಷ್ಟು ತಂಪಿತ್ತು, ಯಾವಾಗ ತೆಗೆದದ್ದು, ಎಲ್ಲ ಅಲ್ಲಿ. ಕೆಳಗೆ ಚಿತ್ರ, ಅಂದರೆ ಬರೀ ಅಂಕಿಗಳ ಚೌಕ. ಹೊಸಬರು ತಲೆಪಟ್ಟಿ ಓದದೆ ನೇರ ಚಿತ್ರಕ್ಕೆ ಹಾರುತ್ತಾರೆ. ನಾನೂ ಹಾರುತ್ತಿದ್ದೆ. ಅದರ ಫಲವನ್ನು ಮುಂದೆ ಹೇಳುತ್ತೇನೆ.

ಕಚ್ಚಾ ಚಿತ್ರವನ್ನು ನಂಬುವ ಹಾಗಿಲ್ಲ. ಬೆಳಕೇ ಬೀಳದಿದ್ದರೂ ಕ್ಯಾಮೆರಾ ಒಂದಷ್ಟು ಅಂಕಿ ತೋರಿಸುತ್ತದೆ. ಅದಕ್ಕೆ ಮುಚ್ಚಳ ಹಾಕಿ ಕತ್ತಲ ಚಿತ್ರ ತೆಗೆದು, ಅದನ್ನು ಕಳೆಯಬೇಕು. ನಿಮ್ಮ ಕಡೆ ಭತ್ತ ತೂಗುವಾಗ ಖಾಲಿ ಚೀಲದ ತೂಕ ಮುರಿಯುತ್ತಾರಲ್ಲ, ಅದೇ. ಎರಡನೆಯದು ಧೂಳು. ನಮ್ಮ ಕಾಲೇಜಿನ ಮಾಳಿಗೆಯ ಮೇಲೆ 8 ಇಂಚಿನ ಒಂದು ಟೆಲಿಸ್ಕೋಪಿದೆ. ಬಳ್ಳಾರಿಯ ಕೆಂಧೂಳು ನಿಮಗೆ ಗೊತ್ತೇ ಇದೆ, ಒಂದು ಕಣ ಕ್ಯಾಮೆರಾದ ಗಾಜಿನ ಮೇಲೆ ಕೂತರೂ ಚಿತ್ರದಲ್ಲಿ ಉದ್ದಿನ ವಡೆಯ ಆಕಾರದ ನೆರಳು ಬೀಳುತ್ತದೆ, ನಡುವೆ ತೂತಿನ ಸಮೇತ. ತೂತು ಯಾಕೆಂದರೆ ನಮ್ಮ ಟೆಲಿಸ್ಕೋಪಿನ ಬಾಯಿಯ ನಡುವೆ ಒಂದು ಚಿಕ್ಕ ಕನ್ನಡಿ ಅಡ್ಡ ನಿಂತಿದೆ, ಆ ಕಣದ ನೆರಳಿಗೂ ಅದೇ ಆಕಾರ ಬರುತ್ತದೆ. ನಕ್ಷತ್ರ ಆ ವಡೆಯ ಮೇಲೆ ಸರಿದರೆ ಮಸುಕಾದಂತೆ ಕಾಣುತ್ತದೆ, ಗ್ರಹಣ ಅಂತ ನೀವು ಕುಣಿಯುತ್ತೀರಿ. ಇದಕ್ಕೆ ಮದ್ದು ಸುಲಭ. ಸೂರ್ಯ ಮುಳುಗಿದ ಹೊತ್ತಿಗೆ ಬಿಳಿ ಧೋತರದ ಬಟ್ಟೆಯನ್ನು ಟೆಲಿಸ್ಕೋಪಿನ ಬಾಯಿಗೆ ಬಿಗಿದು, ಮುಗಿಲಿಗೆ ಮುಖ ಮಾಡಿ ಹತ್ತಾರು ಚಿತ್ರ ತೆಗೆಯುತ್ತೇವೆ. ಅದರಲ್ಲಿ ನಕ್ಷತ್ರವಿಲ್ಲ, ವಡೆಗಳು ಮಾತ್ರ ಇರುತ್ತವೆ. ರಾತ್ರಿಯ ಚಿತ್ರವನ್ನು ಅದರಿಂದ ಭಾಗಿಸಿದರೆ ವಡೆಗಳು ಮಾಯ. ಕ್ಯಾಮೆರಾವನ್ನು ಒಂಚೂರು ತಿರುಗಿಸಿದಿರೋ, ಸಂಜೆಯ ಕೆಲಸವೆಲ್ಲ ಮತ್ತೆ ಮೊದಲಿಂದ.

ಆಮೇಲೆ ನಕ್ಷತ್ರದ ಸುತ್ತ ಒಂದು ವೃತ್ತ ಎಳೆದು ಒಳಗಿನ ಬೆಳಕು ಕೂಡುವುದು, ಸುತ್ತಲಿನ ಆಕಾಶದ ಹೊಳಪು ಕಳೆಯುವುದು, ಅದೇ ಚಿತ್ರದಲ್ಲಿರುವ ಬದಲಾಗದ ನಕ್ಷತ್ರಗಳ ಜೊತೆ ಹೋಲಿಸುವುದು. ವೃತ್ತ ಚಿಕ್ಕದಾದರೆ ಬೆಳಕು ಹೊರಗುಳಿಯುತ್ತದೆ, ದೊಡ್ಡದಾದರೆ ಪಕ್ಕದವನ ಬೆಳಕು ಒಳಗೆ ನುಗ್ಗುತ್ತದೆ. ಟೆಸ್‌ನಲ್ಲಿ ಈ ಕಾಟ ಜಾಸ್ತಿ. ಅದರ ಮಸೂರದ ಅಗಲ ಹತ್ತೂವರೆ ಸೆಂಟಿಮೀಟರ್ ಅಷ್ಟೇ, ಒಂದು ಪಿಕ್ಸೆಲ್ಲು ಆಕಾಶದಲ್ಲಿ 21 ಆರ್ಕ್‌ಸೆಕೆಂಡ್ ಅಗಲ (ಒಂದು ಡಿಗ್ರಿಯ 3,600ನೇ ಒಂದು ಪಾಲು ಒಂದು ಆರ್ಕ್‌ಸೆಕೆಂಡ್), ಅಷ್ಟರೊಳಗೆ ನಾಲ್ಕಾರು ನಕ್ಷತ್ರ ಕೂತಿರಬಹುದು. ಗ್ರಹಣ ಯಾರದ್ದು? ಇದನ್ನು ಬಿಡಿಸಲು ಗಾಯಾ ಉಪಗ್ರಹದ ಪಟ್ಟಿ ತೆರೆಯಬೇಕು. 2022ರಲ್ಲಿ ಬಂದ ಅದರ ಮೂರನೇ ಆವೃತ್ತಿಯಲ್ಲಿ ಸುಮಾರು 180 ಕೋಟಿ ಆಕಾಶಕಾಯಗಳ ವಿಳಾಸ ಇದೆ.

ಬೆಳಕಿನ ಏರಿಳಿತ ಕೈಗೆ ಬಂದ ಮೇಲೆ ಅವಧಿ ಹುಡುಕುವುದು. ಗ್ರಹಣ ಎಷ್ಟು ಗಂಟೆಗೊಮ್ಮೆ ಮರಳುತ್ತದೆ? ಒಂದು ಅವಧಿ ಊಹಿಸಿ, ಅದರಂತೆ ಇಡೀ ತಿಂಗಳ ಡೇಟಾವನ್ನು ಸೀರೆಯಂತೆ ಮಡಚುತ್ತೇವೆ. ಅಂಚು ಅಂಚಿನ ಮೇಲೆ ಸರಿಯಾಗಿ ಕೂತರೆ ಅವಧಿ ಸರಿ, ಇಲ್ಲದಿದ್ದರೆ ಬೇರೆ ಅಳತೆಗೆ ಮಡಚು. ಕಂಪ್ಯೂಟರ್ ಇದನ್ನು ಲಕ್ಷ ಸಲ ಮಾಡುತ್ತದೆ, ಬೇಸರವಿಲ್ಲದೆ. ಆದರೆ ಕಂಪ್ಯೂಟರಿಗೆ ನಾಚಿಕೆಯೂ ಇಲ್ಲ. ಭೂಮಿಯ ಮೇಲಿಂದ ನೋಡಿದ ಡೇಟಾ ಕೊಟ್ಟರೆ ಸರಿಯಾಗಿ 1 ದಿನ, ಅರ್ಧ ದಿನ ಅಂತ ಅವಧಿ ತಂದು ಮುಂದಿಡುತ್ತದೆ. ನಾವು ರಾತ್ರಿ ಮಾತ್ರ ನೋಡುತ್ತೇವಲ್ಲ, ಆ ಲಯವೇ ಅಂಕಿಗಳಲ್ಲಿ ಸೇರಿರುತ್ತದೆ. ಅದು ಹಿಡಿದದ್ದು ನಮ್ಮ ದಿನಚರಿಯನ್ನು.

ಈಗ ನಮ್ಮ ಮಾನ ಹೋದ ಕತೆ. ವೃಷಭ ರಾಶಿಯ ದಿಕ್ಕಿನಲ್ಲಿರುವ ಒಂದು ಜೋಡಿ. ಎರಡೂ ಒಂದಕ್ಕೊಂದು ಅಂಟಿಕೊಂಡೇ ತಿರುಗುವ ಬಗೆ, ಒಂದು ಸುತ್ತಿಗೆ ಸುಮಾರು 8 ಗಂಟೆ. ಒಂದು ಸುತ್ತಿನಲ್ಲಿ ಎರಡು ಗ್ರಹಣ, ಎರಡರ ಆಳವೂ ಹೆಚ್ಚುಕಡಿಮೆ ಒಂದೇ. ಅಂದರೆ 4 ಗಂಟೆಗೊಂದು ತಗ್ಗು. ಟೆಸ್ 2021ರ ಕೊನೆಯ ತಿಂಗಳುಗಳಲ್ಲಿ ಆ ಕಡೆ ನೋಡಿತ್ತು, ಆ ಡೇಟಾ ನಮ್ಮಲ್ಲಿತ್ತು. ನಾನು ಮತ್ತು ಒಬ್ಬ ಎಂ.ಎಸ್ಸಿ ಹುಡುಗ ಸೇರಿ ಒಂದು ಜನವರಿಯಲ್ಲಿ ಮಾಳಿಗೆಯ ಟೆಲಿಸ್ಕೋಪಿನಿಂದ ಹನ್ನೊಂದು ರಾತ್ರಿ ಅದನ್ನೇ ಹಿಡಿದೆವು. ಹಳೆಯ ಲೆಕ್ಕದಂತೆ ಗ್ರಹಣ ಬರಬೇಕಾದ ಹೊತ್ತು, ನಮಗೆ ಬಂದ ಹೊತ್ತು, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಮ್ಮದು ಒಂದೂವರೆ ಗಂಟೆ ತಡ. ಹನ್ನೊಂದೂ ರಾತ್ರಿ, ಅಷ್ಟೇ ತಡ.

ಒಂದೂವರೆ ಗಂಟೆಯಲ್ಲಿ ಬೆಳಕು ಹೋಗುವ ದೂರ 162 ಕೋಟಿ ಕಿಲೋಮೀಟರ್, ಸೂರ್ಯನಿಂದ ಶನಿಗಿಂತ ಆಚೆ. ಮೂರನೆಯ ನಕ್ಷತ್ರವೊಂದು ಈ ಜೋಡಿಯನ್ನು ಅಷ್ಟು ದೂರ ಎಳೆದೊಯ್ದಿದೆ, ಅದಕ್ಕೇ ಬೆಳಕು ತಡವಾಗಿ ಬರುತ್ತಿದೆ! ನಂಬಲು ಆಗದಂಥದ್ದೇನಲ್ಲ, ಅಂಥ ವ್ಯವಸ್ಥೆಗಳು ಆಕಾಶದಲ್ಲಿವೆ. ಮೂರು ವಾರ ನಾವು ನೆಲದ ಮೇಲೆ ಇರಲಿಲ್ಲ. ಪ್ರಬಂಧದ ಪೀಠಿಕೆಯನ್ನೂ ಬರೆದಾಗಿತ್ತು. ನನಗೆ ಒಳಗೇ ಕೊರೆಯುತ್ತಿದ್ದದ್ದು ಒಂದು ವಿಷಯ. ಮೂರನೆಯ ನಕ್ಷತ್ರ ಎಳೆದರೆ ವ್ಯತ್ಯಾಸ ವರ್ಷದಿಂದ ವರ್ಷಕ್ಕೆ ಮೆಲ್ಲಗೆ ಏರಬೇಕು. ಬೇರೆಯವರ ಡೇಟಾದಲ್ಲಿ ಹಿಂದಿನ ಚಳಿಗಾಲದವರೆಗೂ ಎಲ್ಲ ಸರಿಯಿತ್ತು, ಜಿಗಿತ ಬಂದದ್ದು ಸರಿಯಾಗಿ ನಮ್ಮ ಟೆಲಿಸ್ಕೋಪಿನ ಡೇಟಾ ಶುರುವಾದ ಕಡೆ. ಡೇಟಾ ಬದಲಾದ ಜಾಗದಲ್ಲೇ ನಕ್ಷತ್ರವೂ ಬದಲಾದರೆ ಮೊದಲು ಹಿಡಿಯಬೇಕಾದದ್ದು ಡೇಟಾದ ಕೊರಳಪಟ್ಟಿ.

ಸಿಕ್ಕಿದ್ದು ಹೇಗೆ ಅಂದರೆ, ಹುಡುಗ ಪಟ್ಟಿಗೆ ಒಂದು ಕಾಲಂ ಸೇರಿಸಿದ. ನಕ್ಷತ್ರದ ಬೆಳಕು ಎಷ್ಟು ದಪ್ಪದ ಗಾಳಿ ದಾಟಿ ಬಂತು ಅನ್ನುವ ಲೆಕ್ಕ. ನೆತ್ತಿಯ ಮೇಲಿದ್ದರೆ ಅದು 1, ಮೂವತ್ತು ಡಿಗ್ರಿ ಎತ್ತರದಲ್ಲಿದ್ದರೆ ಸುಮಾರು 2. ಕೆಲವು ಸಾಲುಗಳಲ್ಲಿ ಋಣ ಸಂಖ್ಯೆ ಬಂದಿತ್ತು. ‘ಮೇಡಂ, ಈ ಫೋಟೊ ತೆಗೆದಾಗ ನಕ್ಷತ್ರ ದಿಗಂತಕ್ಕಿಂತ ಹದಿಮೂರು ಡಿಗ್ರಿ ಕೆಳಗಿತ್ತಂತ’ ಅಂದ. ಮುಳುಗಿದ ನಕ್ಷತ್ರದ ಫೋಟೊ! ತಲೆಪಟ್ಟಿ ತೆರೆದೆವು. ಸಮಯದ ಸಾಲಿನಲ್ಲಿ 22:30 ಅಂತಿತ್ತು. ಫಿಟ್ಸ್‌ನಲ್ಲಿ ಅಲ್ಲಿ ಇರಬೇಕಾದದ್ದು ಜಾಗತಿಕ ಸಮಯ, ಯುಟಿಸಿ. ಹಾಗಾದರೆ ನಮ್ಮ ಗಡಿಯಾರಕ್ಕೆ ಅದು ನಸುಕಿನ 4 ಗಂಟೆ. ಆದರೆ ಆ ಹುಡುಗ ಎಂದೂ ಹನ್ನೆರಡರ ಮೇಲೆ ಮಾಳಿಗೆಯಲ್ಲಿ ಇದ್ದವನಲ್ಲ, ಹಾಸ್ಟೆಲ್ ಬಾಗಿಲು ಹಾಕುತ್ತಾರೆ. ಚಿತ್ರ ತೆಗೆಯುವ ಲ್ಯಾಪ್‌ಟಾಪು ಭಾರತೀಯ ಸಮಯವನ್ನೇ, ಅಂದರೆ ಐಎಸ್‌ಟಿಯನ್ನೇ, ಬರೆದಿಟ್ಟಿತ್ತು, ನಮ್ಮ ಕೋಡ್ ಅದನ್ನು ಯುಟಿಸಿ ಅಂತ ಓದಿತ್ತು. ವ್ಯತ್ಯಾಸ ಐದೂವರೆ ಗಂಟೆ. ಐದೂವರೆ ಅಂತಲೇ ಕಂಡಿದ್ದರೆ ಯಾವ ಭಾರತೀಯನೂ ಒಂದು ಕ್ಷಣದಲ್ಲಿ ಹಣೆ ಚಚ್ಚಿಕೊಳ್ಳುತ್ತಿದ್ದ. ಆದರೆ ಗ್ರಹಣ 4 ಗಂಟೆಗೊಂದು, ಎರಡೂ ಒಂದೇ ತರಹ, ಹಾಗಾಗಿ ಒಂದು ತಗ್ಗನ್ನು ಇನ್ನೊಂದು ಅಂತ ಗುರುತಿಸಿ 4 ಗಂಟೆ ನುಂಗಿಹೋಗಿತ್ತು. ಉಳಿದದ್ದು ಒಂದೂವರೆ. ನಗು ಬರುವ ಮಾತೆಂದರೆ, ಭೂಮಿ ಸೂರ್ಯನ ಸುತ್ತ ಅತ್ತಿತ್ತ ಹೋಗುವುದರಿಂದ ಬೆಳಕು ಎಂಟು ನಿಮಿಷದಷ್ಟು ಬೇಗ ಅಥವಾ ತಡವಾಗಿ ಮುಟ್ಟುತ್ತದೆ, ಆ ಎಂಟು ನಿಮಿಷವನ್ನು ನಾವು ಬಲು ಜೋಪಾನವಾಗಿ ತಿದ್ದಿದ್ದೆವು.

ಪೀಠಿಕೆ ಅಳಿಸಿದೆವು. ಸರಿಪಡಿಸಿದ ಮೇಲೆ ತಡ ಒಂದು ನಿಮಿಷಕ್ಕೂ ಕಡಿಮೆ ಬಂತು, ಅಂದರೆ ಹೇಳಲು ಏನೂ ಇಲ್ಲ. ಹುಡುಗನಿಗೆ ಬೇಜಾರಾಯಿತು, ನನಗೆ ಆ ರಾತ್ರಿ ನಿದ್ದೆ ಚೆನ್ನಾಗಿ ಬಂತು. ಅಂದಿನಿಂದ ನಮ್ಮ ಕೋಡಿನ ಮೊದಲ ಸಾಲುಗಳು ಲೆಕ್ಕ ಮಾಡುವುದಿಲ್ಲ, ಜಗಳ ತೆಗೆಯುತ್ತವೆ. ನಕ್ಷತ್ರ ದಿಗಂತದ ಮೇಲಿತ್ತೇ? ಆಗ ಸೂರ್ಯ ಮುಳುಗಿದ್ದನೇ? ಉತ್ತರ ಇಲ್ಲ ಅಂದರೆ ಮುಂದೆ ಓಡುವುದೇ ಇಲ್ಲ.

ನೀವು ಕೇಳಿದ ದಿನದ ಕೆಲಸ ಇದೇ, ತಂಗಿ. ನೂರು ಸಾಲು ಕೋಡಿನಲ್ಲಿ ಭೌತಶಾಸ್ತ್ರ ಐದಾರು ಸಾಲು. ಮಿಕ್ಕದ್ದು ಫೈಲಿನ ಹೆಸರು, ಬಿಟ್ಟುಹೋದ ಅಂಕಿ, ಡಿಗ್ರಿಯೋ ರೇಡಿಯನ್ನೋ ಅನ್ನುವ ರಗಳೆ. ಇನ್ನೊಂದು ಅಭ್ಯಾಸವೂ ಇದೆ, ಹೊರಗಿನವರಿಗೆ ವಿಚಿತ್ರ ಅನಿಸಬಹುದು: ಡೇಟಾಗೆ ನಾವೇ ಸುಳ್ಳು ಗ್ರಹಣ ತುರುಕುತ್ತೇವೆ. ಏನೂ ಆಗದ ಒಂದು ನಕ್ಷತ್ರ ಹಿಡಿದು, ಇಷ್ಟು ಆಳ, ಇಷ್ಟು ಅವಧಿ ಅಂತ ತಗ್ಗು ಕೊರೆದು, ಕೋಡ್ ಅದನ್ನು ಹುಡುಕುತ್ತದೋ ನೋಡುತ್ತೇವೆ. ನೂರರಲ್ಲಿ ಮೂವತ್ತನ್ನು ಬಿಟ್ಟುಬಿಟ್ಟರೆ, ನಿಜವಾದವುಗಳಲ್ಲೂ ಅಷ್ಟು ಬಿಟ್ಟಿರುತ್ತೇವೆ ಅನ್ನುವ ಅಂದಾಜು ಸಿಗುತ್ತದೆ. ಈಗ ಎಐ ಹತ್ತಿರ ಕೋಡ್ ಬರೆಸುತ್ತಾರೆ, ನಾನೂ ಬರೆಸುತ್ತೇನೆ. ಚೆನ್ನಾಗಿಯೇ ಬರೆಯುತ್ತದೆ. ಆದರೆ ಹಾಸ್ಟೆಲ್ ಬಾಗಿಲು ಎಷ್ಟಕ್ಕೆ ಹಾಕುತ್ತಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ನಿಮ್ಮ ಹಳೇ ಲ್ಯಾಪ್‌ಟಾಪ್ ಧಾರಾಳವಾಗಿ ಸಾಕು. ಅದೂ ಓಡದಿದ್ದರೆ ಗೂಗಲ್ ಕೊಲ್ಯಾಬ್ ಇದೆ, ಬ್ರೌಸರಿನಲ್ಲೇ ಪೈಥಾನ್ ಭಾಷೆಯ ಕೋಡ್ ನಡೆಯುತ್ತದೆ, ಲೆಕ್ಕ ಮಾಡುವುದು ಅವರ ಯಂತ್ರ. ಪೈಥಾನ್‌ನ ಬುಡ ಕಲಿಯಿರಿ, ನಂತರ ಅದರ ಪ್ಯಾಕೇಜುಗಳು: ಲೆಕ್ಕಕ್ಕೆ ನಂಪೈ, ಗ್ರಾಫಿಗೆ ಮ್ಯಾಟ್‌ಪ್ಲಾಟ್‌ಲಿಬ್, ಖಗೋಳಕ್ಕೆ ಆಸ್ಟ್ರೋಪೈ. ಟೆಸ್ ಡೇಟಾ ತೆರೆಯಲು ಲೈಟ್‌ಕರ್ವ್ ಅನ್ನುವ ಸಿದ್ಧ ಪ್ಯಾಕೇಜ್ ಇದೆ, ಮೂರು ಸಾಲಿನಲ್ಲಿ ಚಿತ್ರ ಬರುತ್ತದೆ. ನನ್ನ ಮಾತು ಕೇಳುವುದಾದರೆ ಮೊದಲ ಸಲ ಅದನ್ನು ಬಳಸಬೇಡಿ. ಫೈಲನ್ನು ನೀವೇ ತೆರೆದು, ತಲೆಪಟ್ಟಿಯ ಒಂದೊಂದು ಸಾಲನ್ನೂ ಓದಿ, ಕಾಲಂಗಳನ್ನು ನೀವೇ ತೆಗೆದು ಒಂದು ಗ್ರಾಫ್ ಹಾಕಿ. ಎರಡು ದಿನ ಹಿಡಿಯುತ್ತದೆ. ಸ್ಟ್ಯಾಟಿಸ್ಟಿಕ್ಸ್ ಪೇಪರನ್ನು ಆಯ್ಕೆಯಲ್ಲಿ ಬಿಡಬೇಡಿ, ಪಾಸಾಗುವುದು ಸುಲಭ ಅಂತ ಬೇರೆ ತಗೊಂಡವರು ಆಮೇಲೆ ನನ್ನ ಹತ್ತಿರ ಬಂದು ಕಷ್ಟಪಟ್ಟಿದ್ದಾರೆ.

ಟೆಲಿಸ್ಕೋಪ್ ಇಲ್ಲ ಅಂದಿರಿ. ಅದಿಲ್ಲದೆಯೂ ಒಂದು ಗ್ರಹಣ ಹಿಡಿಯಬಹುದು. ಪರ್ಸಿಯಸ್ ರಾಶಿಯ ಆಲ್ಗಾಲ್ 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಸುಕಾಗುತ್ತದೆ, ಬೆಳಕು ಮೂರನೇ ಒಂದು ಪಾಲಿಗೆ ಇಳಿಯುತ್ತದೆ, ಬರಿಗಣ್ಣಿಗೇ ಗೊತ್ತಾಗುತ್ತದೆ. ಅದಕ್ಕೆ ಖಚಿತ ಅವಧಿ ಇದೆ ಅಂತ 1783ರಲ್ಲಿ ತೋರಿಸಿಕೊಟ್ಟವನು ಜಾನ್ ಗುಡ್ರಿಕ್, ಆಗ ಅವನಿಗೆ 18 ವರ್ಷ, ಕಿವಿ ಕೇಳುತ್ತಿರಲಿಲ್ಲ. ದೀಪಾವಳಿ ಕಳೆದ ಮೇಲೆ ರಾತ್ರಿ ಊಟ ಮುಗಿಸಿ ಮಾಳಿಗೆ ಹತ್ತಿ ಉತ್ತರಕ್ಕೆ ಮುಖ ಮಾಡಿ. ಸಾಮಾನ್ಯ ದಿನ ಅದು ಪಕ್ಕದ ಅಲ್ಮಾಕ್ ನಕ್ಷತ್ರದಷ್ಟೇ ಹೊಳೆಯುತ್ತದೆ, ಎರಡನ್ನೂ ಹೋಲಿಸುತ್ತಿರಿ. ಒಂದು ಗ್ರಹಣ ಸಿಕ್ಕರೆ ಮುಂದಿನದು ಮೂರು ದಿನ ಬಿಟ್ಟು, ಗಡಿಯಾರದಲ್ಲಿ ಮೂರು ಗಂಟೆ ಮೊದಲು. ಅಪ್ಪಾರನ್ನೂ ಕರೆದುಕೊಂಡು ಹೋಗಿ, ಅವರ ಕಣ್ಣಿಗೆ ಎಷ್ಟು ಕಾಣುತ್ತದೆ ಅನ್ನುವುದನ್ನು ಬೇರೆ ಕಾಲಂನಲ್ಲಿ ಬರೆಯಿರಿ. ಪ್ರತಿ ಸಾಲಿಗೂ ತಾರೀಖು, ಗಂಟೆ, ನಿಮಿಷ. ಮತ್ತು ಗಂಟೆಯ ಪಕ್ಕದಲ್ಲಿ, ಮರೆಯದೆ, ಐಎಸ್‌ಟಿ ಅಂತ.